ಬಯೋಮೆಡಿಕಲ್ ಅಂದ್ರೆ ಹಳದಿ ಚೀಲದ ಗಾಡಿನಾ? ಎಂಎಸ್ಸಿಗೆ ಸೇರೋ ಮುಂಚೆ ಓದ್ಕೊಳ್ಳಿ

ನಾನು ಎಂಎಸ್ಸಿ ಬಯೋಮೆಡಿಕಲ್ ಸೈನ್ಸಸ್‌ಗೆ ಸೇರ್ಕೊಂಡೆ ಅಂದಾಗ ಪಕ್ಕದ್ಮನೆ ರಿಟೈರ್ಡ್ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ಆಸ್ಪತ್ರೆ ಹಿಂದ್ಗಡೆಯಿಂದ ಹಳದಿ ಚೀಲ ತುಂಬ್ಕೊಂಡು ಹೋಗುತ್ತಲ್ಲಪ್ಪ ಗಾಡಿ, ಅದ್ರ ಮೇಲೂ ಬಯೋಮೆಡಿಕಲ್ ಅಂತ್ಲೇ ಬರ್ದಿರ್ತಾರೆ, ಆ ಡಿಪಾರ್ಟ್‌ಮೆಂಟಾ?" ಮೇಷ್ಟ್ರದ್ದೇನು ತಪ್ಪಿಲ್ಲ ಬಿಡಿ, ನಮ್ಮ ಕಡೆ ಜನಕ್ಕೆ ಆ ಪದ ಕಣ್ಣಿಗೆ ಬೀಳೋದೇ ಆ ಗಾಡಿ ಮೇಲೆ. ಆಮೇಲೆ ಲ್ಯಾಬಿಗೆ ಹೋದ್ಮೇಲೆ ಗೊತ್ತಾಯ್ತು, ದಿನಾ ಸಾಯಂಕಾಲ ಹಳದಿ ಚೀಲಕ್ಕೆ ಏನು, ಕೆಂಪು ಚೀಲಕ್ಕೆ ಏನು ಅಂತ ಬೇರೆಬೇರೆ ಮಾಡಿ ಕಟ್ಟಿಡೋ ಕೆಲ್ಸನೂ ಜೂನಿಯರ್‌ಗಳದ್ದೇ ಅಂತ. ಮೇಷ್ಟ್ರು ಪೂರ್ತಿ ತಪ್ಪು ಹೇಳಿರ್ಲಿಲ್ಲ.

ಈಗ ಇದನ್ನೆಲ್ಲ ಬರೀತಿರೋದು ಯಾಕಂದ್ರೆ ನಮ್ಮ ಚಿಕ್ಕಪ್ಪನ ಮಗಳು ಬಿಎಸ್ಸಿ ಕೊನೇ ವರ್ಷದಲ್ಲಿದಾಳೆ, ಪಿಯುಸಿ ಆದ್ಮೇಲೆ ಎರಡು ಸಲ ನೀಟ್ ಬರೆದು ಸೀಟ್ ಸಿಗದೆ ಬಿಎಸ್ಸಿಗೆ ಬಂದವಳು, ಮೊನ್ನೆ ಫೋನ್ ಮಾಡಿ "ಅಣ್ಣ, ಬಯೋಮೆಡಿಕಲ್ ಮಾಡಿದ್ರೆ ಡಾಕ್ಟರ್ ಹತ್ರಹತ್ರ ಆಗುತ್ತಂತೆ ಹೌದಾ" ಅಂದ್ಳು. ಯಾರಮ್ಮ ಹೇಳಿದ್ದು ಅಂದ್ರೆ ಕೋಚಿಂಗ್ ಸೆಂಟರ್‌ನೋರು. ಇಲ್ಲ, ಆಗಲ್ಲ. ಈ ಡಿಗ್ರಿ ತಗೊಂಡು ಯಾರ್ಗೂ ಔಷಧಿ ಬರೆದುಕೊಡೋ ಹಾಗಿಲ್ಲ, ಹೆಸರಿನ ಹಿಂದೆ ಡಾ. ಅಂತ ಬರ್ಬೇಕು ಅಂದ್ರೆ ಪಿಎಚ್‌ಡಿ ಮಾಡ್ಬೇಕು. ಅದನ್ನ ಮೊದ್ಲೇ ಹೇಳ್ಬಿಟ್ರೆ ಮಿಕ್ಕಿದ್ದು ಮಾತಾಡೋದು ಸಲೀಸು.

ಹಾಗಾದ್ರೆ ಏನಿದು? ಒಂದು ಉದಾಹರಣೆ ಹಿಡ್ಕೊಂಡೇ ಹೇಳ್ತೀನಿ. ಮನೇಲಿ ಯಾರಿಗಾದ್ರೂ ಶುಗರ್ ಇದ್ರೆ "ಮೂರು ತಿಂಗಳ ಶುಗರ್" ಅನ್ನೋ ಟೆಸ್ಟು ನಿಮಗೆ ಗೊತ್ತೇ ಇರುತ್ತೆ, ರಿಪೋರ್ಟಲ್ಲಿ ಎಚ್‌ಬಿಎ1ಸಿ ಅಂತಿರುತ್ತೆ. ನೇರಳೆ ಮುಚ್ಚಳದ ಸಣ್ಣ ಟ್ಯೂಬಲ್ಲಿ ರಕ್ತ ತಗೋತಾರೆ. ಆ ಒಂದು ಟ್ಯೂಬಿನ ಹಿಂದೆ ನಾಲ್ಕು ಜನ ಇದಾರೆ. ರಕ್ತ ತಗೊಂಡು, ಮಿಷಿನ್‌ಗೆ ಹಾಕಿ, ಉತ್ರ ಮೊದ್ಲೇ ಗೊತ್ತಿರೋ ಕಂಟ್ರೋಲ್ ಸ್ಯಾಂಪಲ್ ಸರಿ ಬಂತಾ ನೋಡಿ ರಿಪೋರ್ಟ್ ತೆಗೆಯೋರು ಎಂಎಲ್‌ಟಿ ಓದಿದವರು, ನಾವು ಲ್ಯಾಬ್ ಟೆಕ್ನಿಷಿಯನ್ ಅಂತೀವಲ್ಲ ಅವ್ರು. ಆ ಮಿಷಿನ್ ಕೆಟ್ರೆ ಬಂದು ಬಿಚ್ಚಿ ಸರಿ ಮಾಡೋರು, ಹೊಸ ಮಿಷಿನ್ ಡಿಸೈನ್ ಮಾಡೋರು ಬಯೋಮೆಡಿಕಲ್ ಎಂಜಿನಿಯರ್, ಅದು ಬಿಇ ದಾರಿ, ವೆಂಟಿಲೇಟರು ಸಿಟಿ ಸ್ಕ್ಯಾನು ಎಲ್ಲ ಅವ್ರ ಕಡೆದು. ರಿಪೋರ್ಟ್ ನೋಡಿ ಮಾತ್ರೆ ಬದಲಾಯಿಸೋರು ಡಾಕ್ಟ್ರು. ನಾಲ್ಕನೆಯವ್ರು ಆಸ್ಪತ್ರೇಲಿ ಯಾರ ಕಣ್ಣಿಗೂ ಬೀಳಲ್ಲ, ಅವ್ರು ಕೂತ್ಕೊಂಡು ಯೋಚ್ನೆ ಮಾಡೋದು ಬೇರೆ: ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟ್ಕೊಳ್ಳೋದು ಯಾಕೆ, ಅಂಟಿದ್ದು ಯಾಕೆ ಬಿಡಲ್ಲ, ಇದು ಮೂರೇ ತಿಂಗಳು ಯಾಕೆ ಆರು ತಿಂಗಳು ಯಾಕಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅಷ್ಟು ದಿನ ಅದು ರಕ್ತದಲ್ಲಿ ಓಡಾಡ್ತಾ ಎಷ್ಟು ಸಕ್ಕರೆ ಮೆತ್ಕೊಂಡಿತು ಅನ್ನೋದೇ ಆ ನಂಬರು. ಸರಿ, ಹಾಗಾದ್ರೆ ಆಯಸ್ಸೇ ಏರುಪೇರಾದ್ರೆ? ರಕ್ತಕಣ ಬೇಗ ಒಡೆದುಹೋಗೋ ಕಾಯಿಲೆ ಇದ್ರೆ ಸಕ್ಕರೆ ಮೆತ್ಕೊಳ್ಳೋಕೆ ಟೈಮೇ ಸಿಗಲ್ಲ, ಶುಗರ್ ಜಾಸ್ತಿ ಇದ್ರೂ ನಂಬರ್ ಕಮ್ಮಿ ತೋರಿಸ್ಬೋದು. ಕಬ್ಬಿಣದ ಅಂಶ ಕಮ್ಮಿಯಾಗಿ ರಕ್ತಹೀನತೆ ಬಂದಿದ್ರೆ ಉಲ್ಟಾ, ನಿಜಕ್ಕಿಂತ ಜಾಸ್ತಿ ತೋರಿಸ್ಬೋದು. "ರಕ್ತ ಕಮ್ಮಿ" ಅನ್ನೋದು ಮನೆಮಾತಾಗಿರೋ ನಮ್ಮ ಹೆಂಗಸರಿಗೆ ಆ ಟೆಸ್ಟನ್ನ ಹೆಂಗೆ ಓದ್ಬೇಕು, ಬೇರೆ ಟೆಸ್ಟ್ ಬೇಕಾ, ಇದು ಈ ನಾಲ್ಕನೆಯವ್ರ ಪ್ರಶ್ನೆ. ಬಯೋಮೆಡಿಕಲ್ ಸೈನ್ಸಸ್ ಅಂದ್ರೆ ಇಷ್ಟೇ, ಕಾಯಿಲೆ ದೇಹದೊಳಗೆ ಜೀವಕೋಶದ ಮಟ್ಟದಲ್ಲಿ ಏನು ಮಾಡ್ತಿದೆ ಅಂತ ಹುಡುಕೋದು, ಆಮೇಲೆ ಅದನ್ನ ಟೆಸ್ಟಾಗಿ ಔಷಧಿಯಾಗಿ ಮಾಡೋರ ಕೈಗೆ ಕೊಡೋದು.

ಕಷ್ಟ ಏನಂದ್ರೆ ಇದೇ ವಿಷಯ ಹತ್ತು ಹೆಸರಲ್ಲಿ ಮಾರಾಟಕ್ಕಿದೆ, ಮತ್ತೆ ಒಂದೇ ಹೆಸರಲ್ಲಿ ಹತ್ತು ಬೇರೆ ವಿಷಯ ಇದೆ. ದಿಲ್ಲಿ ಯೂನಿವರ್ಸಿಟೀಲಿ ಡಾ. ಬಿ.ಆರ್. ಅಂಬೇಡ್ಕರ್ ಸೆಂಟರ್ ಫಾರ್ ಬಯೋಮೆಡಿಕಲ್ ರಿಸರ್ಚ್ ಅಂತ 1991ರಿಂದ ಇದೆ, ಅಲ್ಲಿ ಕೋರ್ಸ್ ಹೆಸರೇ ಎಂಎಸ್ಸಿ ಬಯೋಮೆಡಿಕಲ್ ಸೈನ್ಸಸ್. ನಮ್ಮ ಮಣಿಪಾಲದಲ್ಲಿ ಹೆಚ್ಚುಕಮ್ಮಿ ಇದೇ ಜಾತಿಯ ಓದು ಮೆಡಿಕಲ್ ಬಯೋಟೆಕ್ನಾಲಜಿ, ಮಾಲಿಕ್ಯುಲರ್ ಬಯಾಲಜಿ ಅಂಡ್ ಹ್ಯೂಮನ್ ಜೆನೆಟಿಕ್ಸ್ ಅನ್ನೋ ಹೆಸರಲ್ಲಿ ಸಿಗುತ್ತೆ. ಬೆಂಗಳೂರು ಎಲೆಕ್ಟ್ರಾನಿಕ್ ಸಿಟಿಯ ಐಬ್ಯಾಬ್ ಅನ್ನೋ ಸಂಸ್ಥೇಲಿ ಬಿಗ್ ಡೇಟಾ ಬಯಾಲಜಿ ಅಂತಿದೆ, ಅದು ಪಿಪೆಟ್ಟಿಗಿಂತ ಕೀಬೋರ್ಡ್ ಇಷ್ಟ ಇರೋರಿಗೆ. ಇನ್ನು ಮೆಡಿಕಲ್ ಕಾಲೇಜುಗಳಲ್ಲಿ ಎಂಎಸ್ಸಿ ಮೆಡಿಕಲ್ ಅಂತ 3 ವರ್ಷದ್ದಿದೆ, ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ಇವುಗಳಲ್ಲಿ ಒಂದು ಹಿಡ್ಕೊಳ್ಳೋದು. ಅದನ್ನ ಮಾಡೋರು ಹೆಚ್ಚಾಗಿ ಮುಂದೆ ಮೆಡಿಕಲ್ ಕಾಲೇಜಲ್ಲೇ ಎಂಬಿಬಿಎಸ್ ಮಕ್ಕಳಿಗೆ ಪಾಠ ಮಾಡೋ ಆಸೆಯಿಂದ ಮಾಡ್ತಾರೆ. ಆ ದಾರಿಯಲ್ಲಿ ಒಂದು ಏರಿಳಿತ ಆಗಿದೆ, ತಿಳ್ಕೊಂಡಿರಿ: ಡಾಕ್ಟರಲ್ಲದ ಎಂಎಸ್ಸಿ ಪಿಎಚ್‌ಡಿಯವ್ರಿಗೆ ಪಾಠ ಮಾಡೋ ಹುದ್ದೆಗಳಲ್ಲಿ ಇದ್ದ ಪಾಲನ್ನ, ಮೆಡಿಕಲ್ ಕಾಲೇಜುಗಳಿಗೆ ನಿಯಮ ಮಾಡೋ ಎನ್‌ಎಂಸಿ 2020ರಲ್ಲಿ ಜೋರಾಗಿ ಕತ್ತರಿಸಿಬಿಡ್ತು, ಮೈಕ್ರೋಬಯಾಲಜಿ ಫಾರ್ಮಕಾಲಜಿಯವ್ರಂತೂ ಬಾಗಿಲು ಮುಚ್ಚಿದ ಹಾಗೇ ಆಯ್ತು, ಆಮೇಲೆ 2025ರ ನಿಯಮದಲ್ಲಿ ಮತ್ತೆ ತೆಗೆದ್ರು. ರೂಲ್ ಹಿಂಗೆ ಐದು ವರ್ಷಕ್ಕೊಂದ್ಸಲ ಮಗುಚಿ ಬೀಳೋ ಕಡೆ ಒಂದೇ ಕೆಲ್ಸ ನಂಬ್ಕೊಂಡು ಮೂರು ವರ್ಷ ಹಾಕ್ಬೇಕಾ ಅನ್ನೋದು ನಿಮ್ಮ ಲೆಕ್ಕಾಚಾರ. ನಾನಾದ್ರೆ ಹಾಕ್ತಿರ್ಲಿಲ್ಲ.

ಅದಕ್ಕೆ ನಾನು ತಂಗಿಗೆ ಹೇಳಿದ್ದು, ಕೋರ್ಸ್ ಹೆಸರು ನೋಡ್ಬೇಡ, ಸಿಲಬಸ್ ಪಿಡಿಎಫ್ ಇಳಿಸ್ಕೊಂಡು ಸೀದಾ ನಾಲ್ಕನೇ ಸೆಮಿಸ್ಟರ್ ಪುಟಕ್ಕೆ ಹೋಗು ಅಂತ. ಮೊದಲ ಎರಡು ಸೆಮಿಸ್ಟರ್ ಎಲ್ಲಾ ಕಡೆ ಒಂದೇ ತರ ಇರುತ್ತೆ, ಸೆಲ್ ಬಯಾಲಜಿ, ಬಯೋಕೆಮಿಸ್ಟ್ರಿ, ಇಮ್ಯುನಾಲಜಿ, ಜೆನೆಟಿಕ್ಸ್, ಸ್ವಲ್ಪ ಸ್ಟಾಟಿಸ್ಟಿಕ್ಸ್. ವ್ಯತ್ಯಾಸ ತೋರೋದು ಕೊನೇಲಿ. ಪೂರ್ತಿ ಸೆಮಿಸ್ಟರ್ ಡಿಸರ್ಟೇಶನ್‌ಗೆ, ಅಂದ್ರೆ ಸ್ವಂತ ಸಂಶೋಧನೆ ಮಾಡಿ ಬರೆಯೋ ಪ್ರಬಂಧಕ್ಕೆ ಬಿಟ್ಟಿದಾರಾ, ಅಥವಾ ನಾಲ್ಕು ಥಿಯರಿ ಪೇಪರ್ ಮಧ್ಯೆ "ಪ್ರಾಜೆಕ್ಟ್" ಅಂತ ಒಂದು ಸಾಲು ತುರುಕಿದಾರಾ. ಎರಡನೆಯದಾದ್ರೆ ಅದು ಬಿಎಸ್ಸಿಯ ನಾಲ್ಕನೇ ಐದನೇ ವರ್ಷ ಅಷ್ಟೇ, ಫೀಸ್ ಮಾತ್ರ ಮಾಸ್ಟರ್ಸ್‌ದು.

ಡಿಸರ್ಟೇಶನ್‌ಗೆ ಯಾಕಿಷ್ಟು ಒದ್ದಾಟ ಅಂತ ಅನ್ಸುತ್ತೆ, ನನಗೂ ಅನ್ಸಿತ್ತು. ಅದಕ್ಕೆ ಒಂದು ಟೆಕ್ನಿಕ್ ಮಾತ್ರ ಹತ್ತಿರದಿಂದ ತೋರಿಸ್ತೀನಿ, ವೆಸ್ಟರ್ನ್ ಬ್ಲಾಟ್ ಅಂತ. ಜೀವಕೋಶದೊಳಗೆ ಒಂದು ನಿರ್ದಿಷ್ಟ ಪ್ರೋಟೀನ್ ಇದೆಯಾ, ಎಷ್ಟಿದೆ ಅಂತ ನೋಡೋಕೆ ಇದು. ಬಿಎಸ್ಸಿ ರೆಕಾರ್ಡಲ್ಲಿ ಇದು ಅರ್ಧ ಪುಟ, ಒಂದು ಚಿತ್ರ, ಸೈನು. ಲ್ಯಾಬಲ್ಲಿ ಎರಡು ದಿನ. ಮೊದ್ಲು ಜೀವಕೋಶಗಳನ್ನ ಐಸ್ ಮೇಲಿಟ್ಟು ಒಡೆದು ಪ್ರೋಟೀನ್ ತೆಗೀಬೇಕು, ಎಷ್ಟು ಸಿಕ್ತು ಅಂತ ಅಳೀಬೇಕು, ಎಸ್‌ಡಿಎಸ್ ಅನ್ನೋ ಸೋಪಿನ ಜಾತಿಯ ಕೆಮಿಕಲ್ ಹಾಕಿ ಕುದಿಸ್ಬೇಕು, ಆಗ ಸುತ್ಕೊಂಡಿದ್ದ ಪ್ರೋಟೀನ್ ಬಿಚ್ಕೊಂಡು ದಾರದ ತರ ಆಗುತ್ತೆ. ಅದನ್ನ ಜೆಲ್ಲಿನ ಸಣ್ಣಸಣ್ಣ ಗುಂಡೀಲಿ ಹಾಕಿ ಕರೆಂಟ್ ಕೊಟ್ರೆ ಓಡೋಕೆ ಶುರು, ಸಣ್ಣವು ಸಲೀಸಾಗಿ ಮುಂದೆ ಹೋಗ್ತವೆ, ದೊಡ್ಡವು ಸಂತೇಲಿ ಸಿಕ್ಕಾಕ್ಕೊಂಡ ಎತ್ತಿನ ಗಾಡಿ ತರ ಹಿಂದೆ. ಆಮೇಲೆ ಜೆಲ್ಲಿಂದ ಒಂದು ತೆಳು ಪೊರೆ ಮೇಲೆ ಆ ಪ್ರೋಟೀನನ್ನೆಲ್ಲ ಇದ್ದ ಜಾಗದಲ್ಲೇ ವರ್ಗಾಯಿಸ್ತೀವಿ. ಪೊರೇಲಿ ಖಾಲಿ ಜಾಗ ಇರುತ್ತಲ್ಲ, ಅಲ್ಲಿಗೆ ಆಂಟಿಬಾಡಿ (ನಾವು ಹುಡುಕ್ತಿರೋ ಪ್ರೋಟೀನನ್ನ ಗುರುತು ಹಿಡಿದು ಅಂಟೋ ಪದಾರ್ಥ) ಸುಮ್‌ಸುಮ್ನೆ ಹೋಗಿ ಅಂಟದೇ ಇರ್ಲಿ ಅಂತ ಹಾಲಿನ ಪುಡಿ ಕರಗಿಸಿ ಅದ್ರಲ್ಲಿ ಒಂದು ಗಂಟೆ ಅಲ್ಲಾಡಿಸ್ತೀವಿ. ಹೌದು, ಕೊಬ್ಬು ತೆಗೆದ ಹಾಲಿನ ಪುಡಿನೇ. ಕಾಫಿಗೂ ಆಗುತ್ತೆ, ಬ್ಲಾಟಿಗೂ ಆಗುತ್ತೆ, ಡಬ್ಬಿ ಮಾತ್ರ ಬೇರೆಬೇರೆ ಇಟ್ಕೊಳ್ಳಿ. ರಾತ್ರಿಯಿಡೀ ಮೊದಲ ಆಂಟಿಬಾಡೀಲಿ ಕೋಲ್ಡ್ ರೂಮಲ್ಲಿ 4 ಡಿಗ್ರೀಲಿ ಇಟ್ಟು, ಬೆಳಗ್ಗೆ ತೊಳೆದು, ಮೊದಲನೇದಕ್ಕೆ ಹೋಗಿ ಅಂಟೋ ಎರಡನೇ ಆಂಟಿಬಾಡಿ ಹಾಕಿ, ಮತ್ತೆ ತೊಳೆದು, ಬೆಳಕು ಬರೋ ಕೆಮಿಕಲ್ ಹಾಕಿ ಕ್ಯಾಮೆರಾ ಕೆಳಗಿಟ್ರೆ ಕಪ್ಪು ಗೆರೆ ಕಾಣ್ಬೇಕು, ಅದನ್ನ ಬ್ಯಾಂಡ್ ಅಂತೀವಿ.

ನನಗೆ ಮೊದಲ ಸಲ ಏನೂ ಕಾಣ್ಲಿಲ್ಲ. ಬಿಳಿ ಹಾಳೆ. ಎರಡು ದಿನ ಮಾಡಿದ್ದು ಬಿಳಿ ಹಾಳೆ. ಸೀನಿಯರ್ ಅಕ್ಕ ಒಬ್ರು ಬಂದು ನೋಡಿ ಕೇಳಿದ್ದು ಒಂದೇ ಮಾತು, "ಪೊರೆನ ಮೆಥನಾಲಲ್ಲಿ ಅದ್ದಿದ್ಯಾ?" ನಾವು ಬಳಸ್ತಿದ್ದ ಪಿವಿಡಿಎಫ್ ಅನ್ನೋ ಪ್ಲಾಸ್ಟಿಕ್ ಪೊರೆ ನೀರನ್ನ ಹತ್ರ ಸೇರಿಸಲ್ಲ, ಮೊದ್ಲು ಮೆಥನಾಲಲ್ಲಿ ಒಂದರ್ಧ ನಿಮಿಷ ನೆನೆಸಿದ್ರೇನೇ ಒದ್ದೆಯಾಗೋದು, ಇಲ್ದಿದ್ರೆ ಪ್ರೋಟೀನ್ ಅದ್ರ ಮೇಲೆ ಕೂರೋದೇ ಇಲ್ಲ. ಅದ್ದಿರ್ಲಿಲ್ಲ. ಎರಡನೇ ಸಲ ಅದ್ದಿದೆ, ಆಗ ಪೂರ್ತಿ ಪೊರೆನೇ ಕಪ್ಪು, ಅಮಾವಾಸ್ಯೆ ತರ. ಅದಕ್ಕೆ ಕಾರಣ ಹುಡುಕೋಕೆ ಒಂದು ವಾರ ಹಿಡೀತು. ನಾನು ನೋಡ್ತಿದ್ದದ್ದು ಫಾಸ್ಫೇಟ್ ಅಂಟಿರೋ ಪ್ರೋಟೀನು, ಹಾಲಲ್ಲಿರೋ ಕೇಸೀನ್ ಕೂಡ ಫಾಸ್ಫೇಟ್ ತುಂಬ್ಕೊಂಡಿರೋ ಪ್ರೋಟೀನೇ, ಆಂಟಿಬಾಡಿ ಪಾಪ ಎಲ್ಲಾ ಕಡೆ ಹೋಗಿ ಕೂತಿತ್ತು. ಅಂಥದ್ದಕ್ಕೆ ಹಾಲಿನ ಪುಡಿ ಬದ್ಲು ಬಿಎಸ್‌ಎ ಅನ್ನೋ ಬೇರೆ ಪ್ರೋಟೀನ್ ಹಾಕ್ಬೇಕು. ಇದು ಯಾವ ನೋಟ್ಸಲ್ಲೂ ಇರ್ಲಿಲ್ಲ ಅಂತಲ್ಲ, ಇತ್ತು, ಆಂಟಿಬಾಡಿ ಜೊತೆ ಬಂದ ಕಾಗದದಲ್ಲೇ ಸಣ್ಣ ಅಕ್ಷರದಲ್ಲಿತ್ತು, ಓದಿರ್ಲಿಲ್ಲ. ಮುಂದೆ ಇಂಟರ್ವ್ಯೂಗಳಲ್ಲಿ ನಿಮ್ಮನ್ನ ಕೇಳೋದು ಇದನ್ನೇ. "ವೆಸ್ಟರ್ನ್ ಬ್ಲಾಟ್ ಅಂದ್ರೇನು" ಅಂತ ಯಾರೂ ಕೇಳಲ್ಲ, "ಬ್ಯಾಂಡ್ ಬರ್ಲಿಲ್ಲ, ಏನ್ ಮಾಡ್ತೀರಾ" ಅಂತಾರೆ. ಅದಕ್ಕೆ ಉತ್ರ ಬೇಕು ಅಂದ್ರೆ ಕೈ ಸುಟ್ಕೊಂಡಿರ್ಬೇಕು, ಕೈ ಸುಟ್ಕೊಳ್ಳೋಕೆ ಆರು ತಿಂಗಳಾದ್ರೂ ಒಂದು ಲ್ಯಾಬ್ ಬೆಂಚು ನಿಮ್ಮ ಹೆಸರಿಗಿರ್ಬೇಕು.

ಈಗ ಬೇಜಾರಿನ ವಿಷಯ. ನನ್ನ ಆರು ತಿಂಗಳಲ್ಲಿ ಎರಡು ತಿಂಗಳು ಆಂಟಿಬಾಡಿಗೆ ಕಾದಿದ್ದೇ ಆಯ್ತು. ಒಂದು ಒಳ್ಳೇ ಆಂಟಿಬಾಡಿ, ಬೆರಳ ತುದಿಯಷ್ಟು ಟ್ಯೂಬಲ್ಲಿ 100 ಮೈಕ್ರೋಲೀಟರು, ನಮಗೆ ಮೂವತ್ತು ನಲ್ವತ್ತು ಸಾವಿರ ಬೀಳ್ತಿತ್ತು, ಹೊರದೇಶದಿಂದ ಬರ್ಬೇಕು, ಅದಕ್ಕೂ ಮುಂಚೆ ಕಾಲೇಜಿನ ಆಫೀಸಲ್ಲಿ ಕೊಟೇಶನ್ನು, ಸೈನು, ಮತ್ತೆ ಸೈನು. ನನ್ನ ಕ್ಲಾಸ್‌ಮೇಟ್ ಒಬ್ನದು ಇನ್ನೂ ಕೆಟ್ಟ ಕಥೆ, ಅವ್ನ ಟಾಪಿಕ್‌ಗೆ ಪೇಷಂಟ್ ರಕ್ತ ಬೇಕಿತ್ತು, ಪೇಷಂಟ್ ರಕ್ತ ಅಂದ್ರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕೇ ಬೇಕು, ಬೇಕಾದ್ದೇ ಸರಿ ಕೂಡ, ಆದ್ರೆ ಕಮಿಟಿ ಮೀಟಿಂಗ್ ತಿಂಗಳುಗಟ್ಲೆ ಮುಂದಕ್ಕೆ ಹೋಗಿ ಒಪ್ಪಿಗೆ ಬರೋಷ್ಟರಲ್ಲಿ ಸಬ್ಮಿಶನ್‌ಗೆ ಐದು ವಾರ ಉಳಿದಿತ್ತು. ಕೊನೆಗೆ ಬೇರೆಯವ್ರ ಪೇಪರ್‌ಗಳನ್ನ ಓದಿ ರಿವ್ಯೂ ಬರ್ದು ಕೊಟ್ಟ. ಮಾರ್ಕ್ಸ್ ಬಂತು, ಕೈಗೆ ಕೆಲ್ಸ ಬರ್ಲಿಲ್ಲ. ಇಲಿ ಮೇಲೆ ಪ್ರಯೋಗ ಮಾಡೋದಾದ್ರೆ ಅದಕ್ಕೆ ಬೇರೆ ಕಮಿಟಿ, ಅದೂ ಹಿಂಗೇ.

ಹಾಗಾಗಿ ಕಾಲೇಜು ನೋಡೋಕೆ ಹೋದಾಗ ಬಿಲ್ಡಿಂಗ್ ನೋಡ್ಬೇಡಿ, ಬ್ರೋಷರಲ್ಲಿರೋ ಕನ್‌ಫೋಕಲ್ ಮೈಕ್ರೋಸ್ಕೋಪ್ ಫೋಟೋನೂ ನೋಡ್ಬೇಡಿ, ಅದಕ್ಕೆ ಬೀಗ ಹಾಕಿರ್ತಾರೆ. ಕ್ಯಾಂಟೀನಲ್ಲಿ ಸೆಕೆಂಡ್ ಇಯರ್‌ನೋರನ್ನ ಹಿಡ್ಕೊಂಡು ಟೀ ಕೊಡ್ಸಿ, ಹೋದ ವರ್ಷದ ಬ್ಯಾಚಲ್ಲಿ ಎಷ್ಟು ಜನ ವೆಟ್ ಲ್ಯಾಬ್ ಡಿಸರ್ಟೇಶನ್, ಅಂದ್ರೆ ಕೈಯಾರೆ ಪ್ರಯೋಗ ಮಾಡಿದ್ದು, ಮಾಡಿದ್ರು, ಎಷ್ಟು ಜನ ರಿವ್ಯೂ ಬರೆದ್ರು ಅಂತ ಕೇಳಿ. ಯಾವ ಗೈಡ್‌ಗೆ ಈಗ ಪ್ರಾಜೆಕ್ಟ್ ಗ್ರ್ಯಾಂಟ್ ನಡೀತಿದೆ ಕೇಳಿ, ಗ್ರ್ಯಾಂಟ್ ಇಲ್ದಿರೋ ಗೈಡ್ ಎಷ್ಟೇ ಒಳ್ಳೇವ್ರಾದ್ರೂ ಆಂಟಿಬಾಡಿ ಎಲ್ಲಿಂದ ತರ್ತಾರೆ. ಡಿಸರ್ಟೇಶನ್‌ಗೆ ಹೊರಗಡೆ ಲ್ಯಾಬಿಗೆ ಹೋಗೋಕೆ ಬಿಡ್ತಾರಾ ಅನ್ನೋದು ತುಂಬಾ ಮುಖ್ಯ, ಯಾಕಂದ್ರೆ ನಾವು ಕರ್ನಾಟಕದೋರು ಈ ವಿಷ್ಯದಲ್ಲಿ ಪುಣ್ಯವಂತರು, ದೊಡ್ಡದೊಡ್ಡ ರಿಸರ್ಚ್ ಸಂಸ್ಥೆಗಳು ಬೆಂಗಳೂರಲ್ಲೇ ಇವೆ: ಜಿಕೆವಿಕೆ ಕ್ಯಾಂಪಸಲ್ಲಿ ಎನ್‌ಸಿಬಿಎಸ್, ಇನ್‌ಸ್ಟೆಮ್ ಅಕ್ಕಪಕ್ಕ ಇವೆ, ಜಕ್ಕೂರಲ್ಲಿ ಜೆಎನ್‌ಸಿಎಎಸ್‌ಆರ್, ಮಲ್ಲೇಶ್ವರದ ಪಕ್ಕದಲ್ಲೇ ಐಐಎಸ್‌ಸಿ, ಇನ್ನು ನಿಮ್ಹಾನ್ಸು, ಕಿದ್ವಾಯಿ, ಸೇಂಟ್ ಜಾನ್ಸು. ಸಣ್ಣ ಊರಿನ ಯೂನಿವರ್ಸಿಟೀಲಿ ಓದಿದ್ರೂ ಕೊನೇ ಆರು ತಿಂಗಳು ಇಂಥ ಕಡೆ ಒಂದು ಮೂಲೆ ಸಿಕ್ರೆ ಸಾಕು. ಸಿಗೋದು ಹೆಂಗೆ ಅಂದ್ರೆ ಮೇಲ್ ಹಾಕೋದು. ಐವತ್ತು ಜನಕ್ಕೆ ಒಂದೇ ಮೇಲ್ ಅಲ್ಲ, ಆ ಲ್ಯಾಬಿನ ಒಂದು ಪೇಪರ್ ಓದಿ ಅದ್ರಲ್ಲಿ ನಿಮಗೆ ಅರ್ಥ ಆಗ್ದೇ ಇದ್ದ ಒಂದು ವಿಷ್ಯ ಎರಡು ಸಾಲಲ್ಲಿ ಕೇಳಿ ಬರೆದ ಮೇಲ್, ಒಂದು ವರ್ಷ ಮುಂಚೆನೇ. ಹತ್ತು ಹಾಕಿದ್ರೆ ಒಂಬತ್ತಕ್ಕೆ ಉತ್ರ ಬರಲ್ಲ, ಅದಕ್ಕೆಲ್ಲ ಮುಖ ಸಪ್ಪೆ ಮಾಡ್ಕೋಬೇಡಿ.

ಎಂಟ್ರೆನ್ಸ್ ವಿಷ್ಯ ಬೇಗ ಮುಗಿಸ್ತೀನಿ. ಐಐಟಿಗಳಿಗೆ, ಐಐಎಸ್‌ಸಿ ಮತ್ತೆ ಜೆಎನ್‌ಸಿಎಎಸ್‌ಆರ್‌ನ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಎಂಎಸ್ಸಿ, ಪಿಎಚ್‌ಡಿ ಎರಡೂ ಸೇರಿದ್ದು) ಜ್ಯಾಮ್ (JAM) ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ನಮ್ಮೋರು ಬರೆಯೋದು ಅದ್ರಲ್ಲಿ ಬಯೋಟೆಕ್ನಾಲಜಿ ಪೇಪರ್. 3 ಗಂಟೆ, 60 ಪ್ರಶ್ನೆ, 100 ಮಾರ್ಕ್ಸು. ಅರ್ಧ ಪೇಪರ್ ಮಾಮೂಲಿ ನಾಲ್ಕರಲ್ಲಿ ಒಂದು, ಅಲ್ಲಿ ತಪ್ಪಿಗೆ ಮೂರನೇ ಒಂದು ಭಾಗ ಕತ್ತರಿ. ಇನ್ನೊಂದು ತರದ್ದಲ್ಲಿ ಒಂದಕ್ಕಿಂತ ಜಾಸ್ತಿ ಉತ್ರ ಸರಿ ಇರ್ಬೋದು, ಮತ್ತೊಂದು ತರದ್ದಲ್ಲಿ ನಂಬರ್ ಟೈಪ್ ಮಾಡ್ಬೇಕು, ಈ ಎರಡರಲ್ಲೂ ನೆಗೆಟಿವ್ ಇಲ್ಲ, ಸುಮ್ನೆ ಖಾಲಿ ಬಿಟ್ಟು ಬರೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಬಿಎಸ್ಸೀಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಮಾಡಿದವ್ರು ಎಡವೋ ಜಾಗ ಬೇರೇನೇ: ಆ ಪೇಪರಲ್ಲಿ ಕೆಮಿಸ್ಟ್ರಿ ಇದೆ, ಪಿಯುಸಿ ಮಟ್ಟದ ಫಿಸಿಕ್ಸು ಮ್ಯಾಥ್ಸು ಇದೆ. ಕೆಲವು ಐಐಟಿಗಳು ಸೀಟಿಗೆ ಪಿಯುಸೀಲಿ ಮ್ಯಾಥ್ಸ್ ಇದ್ದಿರ್ಬೇಕು ಅಂತನೂ ಕೇಳ್ತವೆ, ಫಾರಂ ತುಂಬೋಕೆ ಮುಂಚೆ ಆ ಸಾಲು ಹುಡುಕಿ ಓದಿ. ದಿಲ್ಲಿ ಯೂನಿವರ್ಸಿಟಿ ಮತ್ತೆ ಸೆಂಟ್ರಲ್ ಯೂನಿವರ್ಸಿಟಿಗಳಿಗೆ ಸಿಯುಇಟಿ ಪಿಜಿ. ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ದುಡ್ಡು ಹಾಕಿರೋ ಕೋರ್ಸುಗಳಿಗೆ ಗ್ಯಾಟ್-ಬಿ, ಅದ್ರಲ್ಲಿ ಸೀಟ್ ಸಿಕ್ರೆ ಓದ್ತಾ ಇರೋವಾಗ್ಲೇ ತಿಂಗಳು ತಿಂಗಳು ಸ್ಟೈಪೆಂಡ್ ಕೊಡ್ತಾರೆ, ಹಾಸ್ಟೆಲ್ ಮೆಸ್ ಬಿಲ್ಲಿಗೆ ಅದು ಎಷ್ಟು ಆಸರೆ ಅನ್ನೋದು ಅನುಭವಿಸಿದವ್ರಿಗೇ ಗೊತ್ತು. ರಿಸರ್ಚೇ ಬೇಕು ಅಂತ ಗಟ್ಟಿ ಮನಸ್ಸಿದ್ರೆ ಜಿಜೀಬಿಲ್ಸ್ (JGEEBILS) ಅಂತ ಡಿಸೆಂಬರಲ್ಲಿ ಟಿಐಎಫ್‌ಆರ್ ಅನ್ನೋ ಸಂಶೋಧನಾ ಸಂಸ್ಥೆ ನಡೆಸೋ ಪರೀಕ್ಷೆ ಇದೆ, ಬಾಯಿಪಾಠ ಅಲ್ಲಿ ನಡೆಯಲ್ಲ, ಗ್ರಾಫ್ ಕೊಟ್ಟು ಇದ್ರಿಂದ ಏನ್ ಗೊತ್ತಾಗುತ್ತೆ ಅಂತಾರೆ.

ಹೊರದೇಶದ ಕಥೆಗೆ ಬರೋಣ, ಇಲ್ಲೇ ಹೆಚ್ಚು ದುಡ್ಡು ಮುಳುಗೋದು. ಒಂದೇ ಹೆಸರು ಮೂರು ದೇಶದಲ್ಲಿ ಮೂರು ಅರ್ಥ.

ಇಂಗ್ಲೆಂಡಲ್ಲಿ ಎಂಎಸ್ಸಿ ಬಯೋಮೆಡಿಕಲ್ ಸೈನ್ಸ್ ಒಂದೇ ವರ್ಷ, ಏಜೆಂಟ್ ಹೇಳೋದು "ಮುಗಿಸಿದ ತಕ್ಷಣ ಎನ್‌ಎಚ್‌ಎಸ್‌ನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್" ಅಂತ, ಎನ್‌ಎಚ್‌ಎಸ್ ಅಂದ್ರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಆದ್ರೆ ಅಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಅನ್ನೋ ಹೆಸರೇ ಕಾನೂನಿನ ಕಾವಲಲ್ಲಿರೋ ಹೆಸರು, ಎಚ್‌ಸಿಪಿಸಿ ಅನ್ನೋ ಸಂಸ್ಥೇಲಿ ರಿಜಿಸ್ಟರ್ ಆಗದೆ ಹಾಗೆ ಕರ್ಕೊಳ್ಳೋಹಾಗಿಲ್ಲ. ರಿಜಿಸ್ಟರ್ ಆಗೋಕೆ ಮಾಮೂಲಿ ದಾರಿ ಅಂದ್ರೆ ಐಬಿಎಂಎಸ್ ಅನ್ನೋ ಅಲ್ಲಿನ ವೃತ್ತಿ ಸಂಘ ಒಪ್ಪಿದ ಬಿಎಸ್ಸಿ, ಆಮೇಲೆ ಅವ್ರು ಒಪ್ಪಿದ ಆಸ್ಪತ್ರೆ ಲ್ಯಾಬಲ್ಲಿ ಕೆಲ್ಸ ಮಾಡ್ತಾ ಒಂದು ದಪ್ಪ ಪೋರ್ಟ್‌ಫೋಲಿಯೋ ತುಂಬಿ ಪಾಸಾಗ್ಬೇಕು. ಬರೀ ಎಂಎಸ್ಸಿ ಸರ್ಟಿಫಿಕೇಟ್ ತೋರಿಸಿದ್ರೆ ಬಾಗಿಲು ತೆಗೆಯಲ್ಲ. ಬೇರೆ ದೇಶದಲ್ಲಿ ತರಬೇತಿ ಆದವ್ರಿಗೆ ಅಂತ ಬೇರೆ ದಾರಿ ಇದೆ, ಅದಕ್ಕೆ ಲ್ಯಾಬ್ ಅನುಭವ ಬೇಕು, ಅಂದ್ರೆ ನಮ್ಮಲ್ಲಿ ಎಂಎಲ್‌ಟಿ ಮಾಡಿ ಡಯಾಗ್ನಾಸ್ಟಿಕ್ ಲ್ಯಾಬಲ್ಲಿ ನಾಲ್ಕೈದು ವರ್ಷ ದುಡಿದವ್ರಿಗೆ ಅದು ಹತ್ರ, ಬಿಎಸ್ಸಿ ಮುಗಿಸಿ ಸೀದಾ ಹೋಗೋ ಹುಡುಗ್ರಿಗೆ ದೂರ. ಕೋರ್ಸ್ ಆದ್ಮೇಲೆ ಉಳ್ಕೊಳ್ಳೋ ಗ್ರಾಜುಯೇಟ್ ವೀಸಾ ಎರಡು ವರ್ಷ ಇದ್ದದ್ದು, 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ 18 ತಿಂಗಳು ಅಂತ ಮಾಡಿದಾರೆ. ಲೋನ್ ಲೆಕ್ಕ ಹಾಕೋವಾಗ ಈ 18 ಇಟ್ಕೊಂಡು ಹಾಕಿ.

ಅಮೆರಿಕದ್ದು ಇನ್ನೂ ತಮಾಷೆ. ಅಲ್ಲಿ ಮಾಸ್ಟರ್ಸ್ ಇನ್ ಬಯೋಮೆಡಿಕಲ್ ಸೈನ್ಸಸ್ ಅಂತಿರೋ ಎಷ್ಟೋ ಕೋರ್ಸುಗಳು ರಿಸರ್ಚ್ ಕೋರ್ಸೇ ಅಲ್ಲ. ಮೆಡಿಕಲ್ ಸೀಟಿಗೆ ಮಾರ್ಕ್ಸ್ ಸಾಲದೆ ಬಂದ ಅಲ್ಲಿಯ ಮಕ್ಕಳು ತಮ್ಮ ಮಾರ್ಕ್ಸ್ ರಿಪೇರಿ ಮಾಡ್ಕೊಳ್ಳೋಕೆ ಅಂತ ಇರೋ ಒಂದೆರಡು ವರ್ಷದ ಕೋರ್ಸ್ ಅವು, ಸ್ಪೆಷಲ್ ಮಾಸ್ಟರ್ಸ್ ಅಂತಾರೆ, ಬಾಸ್ಟನ್‌ನಲ್ಲಿ ಟಫ್ಟ್ಸ್ ಯೂನಿವರ್ಸಿಟಿಯ ಮೆಡಿಕಲ್ ಸ್ಕೂಲಲ್ಲಿರೋದು ಆ ತರದ್ದೇ. ಅಲ್ಲಿ ಮುಖ್ಯ ಲ್ಯಾಬ್ ಬೆಂಚ್ ಅಲ್ಲ, ಮೆಡಿಕಲ್ ಕಾಲೇಜಿನ ಪಾಠ. ಅಂದ್ರೆ ನಮ್ಮ ಲಾಂಗ್ ಟರ್ಮ್ ನೀಟ್ ಕೋಚಿಂಗ್‌ನ ಡಾಲರ್ ಅವತಾರ. ಅಲ್ಲಿಯ ಸಿಟಿಜನ್ ಅಲ್ದೇ ಇರೋರಿಗೆ ಅಲ್ಲಿ ಮೆಡಿಕಲ್ ಸೀಟ್ ಸಿಗೋದೇ ತುಂಬಾ ಕಷ್ಟ, ಅಂಥದ್ರಲ್ಲಿ ಆ ಕೋರ್ಸಿಗೆ ಇಲ್ಲಿಂದ ಸಾಲ ಮಾಡ್ಕೊಂಡು ಹೋಗಿ ಮಾಡೋದೇನು. ವೆಬ್‌ಸೈಟಲ್ಲಿ "ಥೀಸಿಸ್" ಅನ್ನೋ ಪದ ಇದೆಯಾ ನೋಡಿ, "ಮೆಡಿಕಲ್ ಸ್ಕೂಲಿಗೆ ತಯಾರಿ" ಅನ್ನೋ ಮಾತು ಎಷ್ಟು ಸಲ ಬಂದಿದೆ ಎಣಿಸಿ. ಇನ್ನೊಂದು, ನಮ್ಮ 3 ವರ್ಷದ ಡಿಗ್ರಿನ ಅಲ್ಲಿನ ಎಷ್ಟೋ ಯೂನಿವರ್ಸಿಟಿಗಳು ತಮ್ಮ 4 ವರ್ಷಕ್ಕೆ ಸಮ ಅಂತ ಒಪ್ಪಲ್ಲ, ಅದನ್ನೂ ಕೇಳ್ಕೊಂಡೇ ಫೀಸ್ ಕಟ್ಟಿ.

ಜರ್ಮನಿ ನನಗೆ ಸ್ವಲ್ಪ ಇಷ್ಟ, ಪಕ್ಷಪಾತ ಅಂದ್ಕೊಳ್ಳಿ. ಎರಡು ವರ್ಷ, ಲ್ಯಾಬಿಂದ ಲ್ಯಾಬಿಗೆ ರೊಟೇಶನ್ ಇರುತ್ತೆ, ಕೊನೇ ಸೆಮಿಸ್ಟರ್ ಪೂರ್ತಿ ಥೀಸಿಸ್. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಶನ್ ಫೀಸ್ ಇಲ್ಲ, ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥೋರಿಗೆ ಸೆಮಿಸ್ಟರಿಗೆ 1500 ಯೂರೋ, ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿನೂ ಈಗ ಫೀಸ್ ಶುರು ಮಾಡಿದೆ. ಫ್ರೀ ಅಂತ ಕುಣಿಯೋಕೆ ಮುಂಚೆ ಬ್ಲಾಕ್ಡ್ ಅಕೌಂಟ್ ನೆನಪಿರ್ಲಿ, ಒಂದು ವರ್ಷದ ಖರ್ಚು 11,904 ಯೂರೋ ಮೊದ್ಲೇ ಹಾಕಿ ತೋರಿಸ್ಬೇಕು, ಆಮೇಲೆ ತಿಂಗಳಿಗೆ ಇಷ್ಟು ಅಂತ ನಿಮಗೇ ವಾಪಸ್ ಬರುತ್ತೆ. ದುಡ್ಡು ನಿಮ್ದೇ, ಆದ್ರೆ ಮೊದ್ಲು ಅಪ್ಪ ಎಲ್ಲಿಂದಾದ್ರೂ ಹೊಂದಿಸ್ಬೇಕಲ್ಲ. ಜೊತೆಗೆ ಎಪಿಎಸ್ ಅಂತ ನಮ್ಮ ಮಾರ್ಕ್ಸ್ ಕಾರ್ಡ್ ಅಸಲಿನಾ ಅಂತ ನೋಡೋ ಸರ್ಟಿಫಿಕೇಟು, ಅದಕ್ಕೆ ಟೈಮ್ ಹಿಡಿಯುತ್ತೆ, ಕೊನೇ ಗಳಿಗೇಲಿ ಆಗೋ ಕೆಲ್ಸ ಅಲ್ಲ.

ಓದಿದ್ಮೇಲೆ ಏನು ಅನ್ನೋದು ಎಲ್ಲಾ ಅಪ್ಪಂದಿರ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಎಂಜಿನಿಯರಿಂಗ್ ಮಾಡಿದ ಪಕ್ಕದ್ಮನೆ ಹುಡುಗನ ಮೊದಲ ಸಂಬಳದ ಜೊತೆ ಹೋಲಿಸಿದ್ರೆ ಇಲ್ಲಿ ಶುರು ಕಮ್ಮಿನೇ, ಸುಳ್ಳು ಹೇಳಲ್ಲ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ಕಡೆ ಬಯೋಕಾನ್, ಸಿಂಜೀನ್ ಅಂಥ ಕಂಪನಿಗಳಿವೆ, ಜೆನೆಟಿಕ್ ಟೆಸ್ಟಿಂಗ್ ಮಾಡೋ ಮೆಡ್‌ಜೀನೋಮ್ ಅಂಥವಿವೆ, ಅಲ್ಲಿ ಸೆಲ್ ಕಲ್ಚರ್, ಸೀಕ್ವೆನ್ಸಿಂಗ್ ಗೊತ್ತಿರೋರು ಬೇಕು. ಲ್ಯಾಬ್ ಸಾಕು ಅನ್ಸಿದವ್ರಿಗೆ ಕ್ಲಿನಿಕಲ್ ಟ್ರಯಲ್ ಕೆಲ್ಸ, ಔಷಧಿಯ ಸೈಡ್ ಎಫೆಕ್ಟ್ ರಿಪೋರ್ಟುಗಳನ್ನ ನೋಡೋ ಫಾರ್ಮಕೋವಿಜಿಲೆನ್ಸ್, ಮೆಡಿಕಲ್ ರೈಟಿಂಗ್ ಇವೆ, ಕೂತು ಮಾಡೋ ಕೆಲ್ಸ, ಸಂಬಳನೂ ಬೇಗ ಏರುತ್ತೆ ಅಂತ ಹೋದ ಗೆಳೆಯರು ಹೇಳ್ತಾರೆ. ಪಾಠ ಮಾಡೋ ಆಸೆ ಇದ್ರೆ ಕೆಸೆಟ್ ಅನ್ನೋ ರಾಜ್ಯದ ಲೆಕ್ಚರರ್ ಅರ್ಹತಾ ಪರೀಕ್ಷೆ, ಈಗ ಕೆಇಎ ನಡೆಸುತ್ತೆ. ರಿಸರ್ಚಿಗೆ ಸಿಎಸ್‌ಐಆರ್ ನೆಟ್, ವರ್ಷಕ್ಕೆ ಎರಡು ಸಲ, ಅದ್ರಲ್ಲಿ ಜೆಆರ್‌ಎಫ್ ಅನ್ನೋ ಫೆಲೋಶಿಪ್ ಸಿಕ್ರೆ ಪಿಎಚ್‌ಡಿ ಮಾಡ್ತಾ ತಿಂಗಳಿಗೆ 37,000 ರೂಪಾಯಿ ಮತ್ತೆ ಮನೆ ಬಾಡಿಗೆ ಭತ್ಯೆ, 2023ರಿಂದ ಈ ರೇಟು. ಲೈಫ್ ಸೈನ್ಸಸ್ ಪೇಪರಲ್ಲಿ ಸಿ ಭಾಗಕ್ಕೆ 75 ಪ್ರಶ್ನೆ ಕೊಟ್ಟು 25 ಮಾಡಿ ಅಂತಾರೆ, ಒಂದೊಂದಕ್ಕೆ 4 ಮಾರ್ಕ್ಸ್, ಅಲ್ಲಿ ಬರೋದೆಲ್ಲ "ಈ ಪ್ರಯೋಗ ಮಾಡಿದ್ರು, ಹಿಂಗಾಯ್ತು, ಯಾಕೆ" ಅನ್ನೋ ಜಾತಿ. ನನ್ನ ಬಿಳಿ ಪೊರೆ, ಕಪ್ಪು ಪೊರೆ ಎರಡೂ ನಾನು ಬರೆದ ವರ್ಷ ಬೇರೆಬೇರೆ ವೇಷದಲ್ಲಿ ಅಲ್ಲಿ ಬಂದಿದ್ವು.

ಕನ್ನಡ ಮೀಡಿಯಂನಿಂದ ಬಂದವ್ರಿಗೆ ಒಂದು ಮಾತು, ನಾನೂ ಹತ್ತನೇ ಕ್ಲಾಸಿನವರೆಗೆ ಅಲ್ಲೇ. ಮೊದಲ ಸೆಮಿಸ್ಟರ್ ಜರ್ನಲ್ ಕ್ಲಬ್ ಅಂತ ಮಾಡಿಸ್ತಾರೆ, ಒಂದು ಪೇಪರ್ ಓದಿ ಎಲ್ಲರ ಮುಂದೆ ಇಂಗ್ಲಿಷಲ್ಲಿ ವಿವರಿಸ್ಬೇಕು, ಕೈಕಾಲು ನಡುಗುತ್ತೆ. ನಾನು ಮಾಡ್ತಿದ್ದದ್ದು, ಹಿಂದಿನ ರಾತ್ರಿ ರೂಮ್‌ಮೇಟ್‌ಗೆ ಪೂರ್ತಿ ಪೇಪರನ್ನ ಕನ್ನಡದಲ್ಲಿ ಹೇಳೋದು, ಅವ್ನು ಎಂಕಾಂ. ಅವ್ನಿಗೆ ಅರ್ಥ ಆದ್ರೆ ನನಗೆ ಅರ್ಥ ಆಗಿದೆ ಅಂತ ಲೆಕ್ಕ, ಇಂಗ್ಲಿಷ್ ಆಮೇಲೆ ಹೆಂಗೋ ಹೊಂದ್ಕೊಳ್ಳುತ್ತೆ.

ತಂಗಿ ಈಗ ಜ್ಯಾಮ್ ಫಾರಂ ತುಂಬ್ತಿದಾಳೆ, ಮಾಮೂಲಿಯಾಗಿ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ತೆಗೀತಾರೆ, ಪರೀಕ್ಷೆ ಫೆಬ್ರವರೀಲಿ. ನಿನ್ನೆ ರಾತ್ರಿ ಫೋನಲ್ಲಿ ಸಿಕ್ಕಾಕ್ಕೊಂಡಿದ್ದು ಸಿಲಬಸ್‌ನಲ್ಲಲ್ಲ, ಜಾತಿ ಸರ್ಟಿಫಿಕೇಟಲ್ಲಿ. ಅವಳ ಹತ್ರ ಇರೋದು ರಾಜ್ಯದ 2ಎ ಸರ್ಟಿಫಿಕೇಟು, ಜ್ಯಾಮ್‌ಗೆ ಅದು ನಡೆಯಲ್ಲ, ಕೇಂದ್ರದ ನಮೂನೆಯ ಒಬಿಸಿ ಎನ್‌ಸಿಎಲ್ (ಕೆನೆಪದರಕ್ಕೆ ಸೇರದ ಒಬಿಸಿ) ಬೇಕು, ಅದೂ ಅವ್ರು ಹೇಳಿದ ತಾರೀಖಿನ ಮೇಲೆ ತಗೊಂಡಿರ್ಬೇಕು. ರಾಜ್ಯದ ಲಿಸ್ಟಲ್ಲಿರೋ ಜಾತಿಗಳೆಲ್ಲ ಕೇಂದ್ರದ ಲಿಸ್ಟಲ್ಲಿ ಇರಲ್ಲ, ಮೊದ್ಲು ಅದನ್ನ ನೋಡು ಅಂದೆ, ನೋಡಿದ್ಳು, ಇದೆ. "ನಾಡಕಚೇರೀಲಿ ಹೋಗಿ ಕೇಂದ್ರ ಸರ್ಕಾರದ್ದು ಅಂತ ಬಿಡಿಸಿ ಹೇಳು, ಇಲ್ಲಾಂದ್ರೆ ಮತ್ತೆ 2ಎನೇ ಕೊಟ್ಟು ಕಳಿಸ್ತಾರೆ" ಅಂದೆ. ಸೋಮವಾರ ಚಿಕ್ಕಪ್ಪನ ಜೊತೆ ಹೋಗ್ತಾಳಂತೆ.